70 ನಿಮಿಷದಲ್ಲಿ ವಿಮಾನ ಬದಲಿಸೋಕೆ ಆಗುತ್ತಾ?

ಪ್ರಶ್ನೆ: ನಮ್ಮ ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರುತ್ತಿದ್ದಾರೆ. ಅಪ್ಪನಿಗೆ 71 ವರ್ಷ, ಮಂಡಿನೋವಿದೆ, ವೀಲ್‌ಚೇರ್ ಕೇಳಬೇಕು. ಟಿಕೆಟ್ ಇನ್ನೂ ತೆಗೆದಿಲ್ಲ. ನೋಡಿಟ್ಟಿರುವ ಟಿಕೆಟ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 1 ಗಂಟೆ 10 ನಿಮಿಷ ಸಿಗುತ್ತದೆ, ಅಲ್ಲಿಂದ ಶಿಕಾಗೋ. ಶಿಕಾಗೋದಿಂದ ಇಂಡಿಯಾನಾಪೊಲಿಸ್‌ಗೆ ಬೇರೆ ಕಂಪನಿಯ ಟಿಕೆಟ್ ಪ್ರತ್ಯೇಕವಾಗಿ ತೆಗೆದರೆ ದುಡ್ಡು ಉಳಿಯುತ್ತದೆ. ಅಲ್ಲಿ 2 ಗಂಟೆ ಬಿಡುವಿದೆ, ಅದರ ಚಿಂತೆಯಿಲ್ಲ. ಫ್ರಾಂಕ್‌ಫರ್ಟ್‌ನ 70 ನಿಮಿಷ ಸಾಕಾಗುತ್ತಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಫ್ರಾಂಕ್‌ಫರ್ಟ್‌ನ 70 ನಿಮಿಷ ನಿಮ್ಮ ಅಪ್ಪ ಅಮ್ಮನಿಗೆ ಕಡಿಮೆ. ಆದರೆ ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಗಾಬರಿಯಾದದ್ದು ಶಿಕಾಗೋದ 2 ಗಂಟೆ ನೋಡಿ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ತಪ್ಪಿದರೆ ಅದು ವಿಮಾನ ಕಂಪನಿಯ ತಲೆನೋವು. ಶಿಕಾಗೋದಲ್ಲಿ ತಪ್ಪಿದರೆ ಪೂರ್ತಿ ನಿಮ್ಮ ತಲೆನೋವು. ಕನೆಕ್ಷನ್ ನೋಡುವಾಗ ಎಲ್ಲರೂ ‘ಸಿಗುತ್ತಾ?’ ಎಂದೇ ಕೇಳುತ್ತಾರೆ. ಟಿಕೆಟ್ ಕೆಲಸ ಮಾಡುವ ನಾವು ಮೊದಲು ಕೇಳಿಕೊಳ್ಳುವುದು ‘ತಪ್ಪಿದರೆ ಮುಂದೇನು?’ ಅಂತ. ಈ ಎರಡನೇ ಪ್ರಶ್ನೆಗೆ ಒಳ್ಳೆಯ ಉತ್ತರವಿದ್ದರೆ 60 ನಿಮಿಷವೂ ನಡೆಯುತ್ತದೆ. ಇಲ್ಲದಿದ್ದರೆ 3 ಗಂಟೆಯೂ ಸಾಲದು.

ಮೊದಲು ಆ 70 ನಿಮಿಷ ಎಲ್ಲಿಂದ ಬಂತು ನೋಡೋಣ. ಪ್ರತಿ ವಿಮಾನ ನಿಲ್ದಾಣಕ್ಕೂ ‘ಮಿನಿಮಮ್ ಕನೆಕ್ಟಿಂಗ್ ಟೈಮ್’ ಎಂದು ಒಂದು ಲೆಕ್ಕವಿರುತ್ತದೆ. ನಮ್ಮ ಕಡೆಯವರು ಎಂಸಿಟಿ ಅನ್ನುತ್ತಾರೆ. ಒಂದು ವಿಮಾನ ಇಳಿದು ಇನ್ನೊಂದು ಹತ್ತಲು ಕನಿಷ್ಠ ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಅದು. ಫ್ರಾಂಕ್‌ಫರ್ಟ್ ಬಹಳ ವರ್ಷಗಳಿಂದ 45 ನಿಮಿಷ ಸಾಕು ಎಂದು ಹೇಳಿಕೊಂಡು ಬಂದಿದೆ. ವಿಯೆನ್ನಾದಲ್ಲಂತೂ 25 ನಿಮಿಷದ ಕನೆಕ್ಷನ್ ಕೂಡ ಮಾರುತ್ತಾರೆ. ಬುಕಿಂಗ್ ಕಂಪ್ಯೂಟರ್ ನೋಡುವುದು ಇದೊಂದನ್ನೇ. ಎಂಸಿಟಿಗಿಂತ ಒಂದು ನಿಮಿಷ ಜಾಸ್ತಿ ಇದ್ದರೂ ಟಿಕೆಟ್ ಕೊಟ್ಟುಬಿಡುತ್ತದೆ. ಪ್ರಯಾಣಿಕರಿಗೆ ಮಂಡಿನೋವಿದೆಯಾ, ಮೊದಲ ಸಲ ಹೋಗುತ್ತಿದ್ದಾರಾ, ಭಾಷೆ ಬರುತ್ತಾ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ‘ಕಂಪನಿಯವರೇ ಮಾರುತ್ತಿದ್ದಾರೆ ಅಂದಮೇಲೆ ಸಾಕಾಗಲೇಬೇಕಲ್ವಾ?’ ಎಂದು ತುಂಬಾ ಜನ ಕೇಳುತ್ತಾರೆ. ಎಲ್ಲವೂ ಸರಿಯಾಗಿ ನಡೆದ ದಿನ ಸಾಕಾಗುತ್ತದೆ. ಕಂಪನಿ ಹೇಳುವುದು ಅಷ್ಟೇ.

ಈಗ ಆ 70 ನಿಮಿಷದೊಳಗೆ ಹೊಕ್ಕು ನೋಡಿ. ಟಿಕೆಟ್ ಮೇಲಿರುವ ಇಳಿಯುವ ಸಮಯ ಅಂದರೆ ವಿಮಾನ ಗೇಟಿಗೆ ಬಂದು ನಿಲ್ಲುವ ಸಮಯ, ನೀವು ಹೊರಗೆ ಬರುವ ಸಮಯವಲ್ಲ. ಬಾಗಿಲು ತೆಗೆಯಲು ಒಂದೆರಡು ನಿಮಿಷ. ದೊಡ್ಡ ವಿಮಾನದ ಹಿಂದಿನ ಸಾಲುಗಳಲ್ಲಿ ಕೂತವರು ಹೊರಬರಲು ಹದಿನೈದು ನಿಮಿಷ ಹಿಡಿಯುತ್ತದೆ. ಮುಂದಿನವರೆಲ್ಲ ಮೇಲಿಂದ ಬ್ಯಾಗ್ ಇಳಿಸಿ, ಜಾಕೆಟ್ ಹಾಕಿಕೊಂಡು, ಮಗುವಿನ ಶೂ ಹುಡುಕಿ ಹೊರಡುವವರೆಗೆ ನಿಂತಲ್ಲೇ ನಿಂತಿರಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಇನ್ನೊಂದು ರಗಳೆಯಿದೆ. ವಿಮಾನವನ್ನು ಕಟ್ಟಡದಿಂದ ದೂರ ನಿಲ್ಲಿಸಿ, ಬಸ್ಸಿನಲ್ಲಿ ಕರೆತರುವುದು ಅಲ್ಲಿ ಮಾಮೂಲು. ಹಾಗಾದರೆ ಮತ್ತೆ ಹತ್ತು ನಿಮಿಷ ಹೋಯಿತು.

ಇನ್ನೊಂದು ತುದಿ ನೋಡಿ. 11 ಗಂಟೆಯ ವಿಮಾನ ಅಂದರೆ 11ಕ್ಕೆ ಹತ್ತಬಹುದು ಎಂದಲ್ಲ. ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ. ಎಮಿರೇಟ್ಸ್‌ನವರು 20 ನಿಮಿಷ ಎಂದು ಸ್ಪಷ್ಟವಾಗಿ ಬರೆದೇ ಇಟ್ಟಿದ್ದಾರೆ. ಅಲ್ಲಿಗೆ ಎರಡೂ ಕಡೆ ಇಪ್ಪತ್ತಿಪ್ಪತ್ತು ಕಳೆದರೆ ನಿಮ್ಮ ಕೈಲಿ ಉಳಿದದ್ದು 30 ನಿಮಿಷ. ಮಧ್ಯೆ ಸೆಕ್ಯುರಿಟಿ ಇದೆ. ಯುರೋಪಿನ ಹೊರಗಿನ ಹೆಚ್ಚಿನ ದೇಶಗಳಿಂದ ಬಂದವರಿಗೆ ಅಲ್ಲಿ ಮತ್ತೊಮ್ಮೆ ತಪಾಸಣೆ ಮಾಡುತ್ತಾರೆ. ಆಮೇಲೆ ನಡಿಗೆ. ಟರ್ಮಿನಲ್ 1ರಲ್ಲಿ ಬಿ ಗೇಟುಗಳ ಕಡೆ ಇಳಿದು ಝಡ್ ಗೇಟಿಗೆ ಹೋಗಬೇಕಾದರೆ ಸುರಂಗದಲ್ಲಿ ನಡೆಯಬೇಕು, ಇಲ್ಲವೇ ಸ್ಕೈಲೈನ್ ರೈಲು ಹಿಡಿಯಬೇಕು. ಅಮೆರಿಕದ ವಿಮಾನಕ್ಕೆ ಗೇಟಿನ ಹತ್ತಿರ ಪಾಸ್‌ಪೋರ್ಟ್, ವೀಸಾ ನೋಡಿ ಒಂದೆರಡು ಪ್ರಶ್ನೆ ಬೇರೆ ಕೇಳುತ್ತಾರೆ. ಗಟ್ಟಿ ಕಾಲಿನ ಹುಡುಗರು ಇದನ್ನೆಲ್ಲ 30 ನಿಮಿಷದಲ್ಲಿ ಮುಗಿಸುತ್ತಾರೆ. ಆದರೆ ಮೊದಲ ವಿಮಾನ ಸಮಯಕ್ಕೆ ಬಂದಿರಬೇಕು.

‘ಸಮಯಕ್ಕೆ’ ಅನ್ನುವಲ್ಲಿಯೂ ಒಂದು ಮರ್ಮವಿದೆ. ವಿಮಾನಯಾನದ ಲೆಕ್ಕದಲ್ಲಿ 15 ನಿಮಿಷದೊಳಗಿನ ತಡ ತಡವೇ ಅಲ್ಲ. ಅಮೆರಿಕದ ಸಾರಿಗೆ ಇಲಾಖೆಯೂ ಹೀಗೇ ಎಣಿಸುತ್ತದೆ. ‘ಈ ವಿಮಾನ ನೂರಕ್ಕೆ ಎಂಬತ್ತು ಸಲ ಸಮಯಕ್ಕೆ ಬರುತ್ತದೆ’ ಎಂದು ಎಲ್ಲಾದರೂ ಓದಿದರೆ, ಆ ಎಂಬತ್ತರಲ್ಲಿ 14 ನಿಮಿಷ ತಡವಾಗಿ ಬಂದವೂ ಸೇರಿವೆ. ನಿಮ್ಮ 30 ನಿಮಿಷದಲ್ಲಿ ಅರ್ಧ ಅಲ್ಲೇ ಹೋಯಿತು. ಸರಾಸರಿ ನೋಡಬೇಡಿ. ಫ್ಲೈಟ್‌ರಾಡಾರ್24 ತೆರೆದು ನಿಮ್ಮ ವಿಮಾನದ ನಂಬರ್ ಹಾಕಿದರೆ ಕಳೆದ ಕೆಲವು ದಿನ ಅದು ನಿಜವಾಗಿ ಎಷ್ಟಕ್ಕೆ ಇಳಿಯಿತು ಎಂದು ಸಿಗುತ್ತದೆ. ಅದರಲ್ಲಿ ಕೆಟ್ಟ ಎರಡು ದಿನ ಯಾವುವು, ಆ ದಿನ ನಿಮ್ಮವರಿದ್ದಿದ್ದರೆ ಏನಾಗುತ್ತಿತ್ತು ಎಂದು ನೋಡಿ. ನ್ಯಾಯವಾಗಿ ಹೇಳಬೇಕೆಂದರೆ, ಕಂಪನಿಗಳು ಹಾರಾಟದ ಸಮಯವನ್ನು ಸ್ವಲ್ಪ ಹಿಗ್ಗಿಸಿಯೇ ಬರೆದಿರುತ್ತವೆ. ಎಷ್ಟೋ ದಿನ ವಿಮಾನ ಬೇಗ ಬಂದು, ಗೇಟ್ ಖಾಲಿಯಿಲ್ಲದೆ ಸುಮ್ನೆ ಕಾಯುತ್ತಾ ನಿಂತಿರುತ್ತದೆ.

ವೀಲ್‌ಚೇರ್ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ವೀಲ್‌ಚೇರ್ ತೆಗೆದುಕೊಂಡರೆ ಎಲ್ಲಾ ಕಡೆ ಬೇಗ ಬಿಡುತ್ತಾರೆ ಅಂತ. ಸೆಕ್ಯುರಿಟಿಯಲ್ಲಿ ಹೌದು, ಪಕ್ಕದ ದಾರಿಯಲ್ಲಿ ಬಿಡುತ್ತಾರೆ. ಆದರೆ ವಿಮಾನದಿಂದ ಇಳಿಯುವಾಗ ವೀಲ್‌ಚೇರ್‌ನವರದ್ದು ಕೊನೆಯ ಸರದಿ. ಉಳಿದವರೆಲ್ಲ ಇಳಿಯಬೇಕು, ಸಹಾಯಕರು ಬಾಗಿಲಿಗೆ ಬರಬೇಕು. ಅವರು ಆಗಲೇ ಇನ್ನೊಬ್ಬರನ್ನು ಕರೆದುಕೊಂಡು ಹೋಗಿದ್ದರೆ ವಾಪಸ್ ಬರುವವರೆಗೆ ಕಾಯಬೇಕು. ಕೆಲವು ಕಡೆ ನಾಲ್ಕೈದು ಜನ ಸೇರಲಿ ಎಂದು ಒಂದು ಜಾಗದಲ್ಲಿ ಕೂರಿಸಿ, ಎಲ್ಲರನ್ನೂ ಒಟ್ಟಿಗೆ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ನಿಮ್ಮ ಅಪ್ಪ ಅಮ್ಮನಿಗೆ ಫ್ರಾಂಕ್‌ಫರ್ಟ್‌ನಲ್ಲಿ ಎರಡೂವರೆಯಿಂದ ನಾಲ್ಕು ಗಂಟೆ ಇರುವ ಟಿಕೆಟ್ ನೋಡಿ. ಅದಕ್ಕಿಂತ ಜಾಸ್ತಿಯೂ ಬೇಡ, ವಯಸ್ಸಾದವರು ಕೂತು ಕೂತು ಸುಸ್ತಾಗುತ್ತಾರೆ. ವೀಲ್‌ಚೇರನ್ನು ಬುಕ್ ಮಾಡುವಾಗಲೇ ಹಾಕಿಸಿ. ಯುರೋಪಿನ ನಿಯಮದಂತೆ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. ನಿಲ್ದಾಣಕ್ಕೆ ಹೋದಮೇಲೆ ಕೇಳಿದರೂ ಕೊಡುತ್ತಾರೆ, ಆದರೆ ಆಗ ಸರದಿ ಹಿಂದೆ ಬೀಳುತ್ತದೆ.

ಸರಿ, ಫ್ರಾಂಕ್‌ಫರ್ಟ್‌ನಲ್ಲಿ ತಪ್ಪೇ ಹೋಯಿತು ಅನ್ನಿ. ಒಂದೇ ಟಿಕೆಟ್, ಒಂದೇ ಪಿಎನ್‌ಆರ್ ಆಗಿದ್ದರೆ ಮುಂದಿನ ವಿಮಾನದಲ್ಲಿ ಸೀಟು ಕೊಡುವುದು ಕಂಪನಿಯ ಕೆಲಸ, ನೀವು ಒಂದು ಪೈಸೆ ಕೊಡಬೇಕಿಲ್ಲ. ಎಷ್ಟೋ ಸಲ ನೀವು ಇನ್ನೂ ಆಕಾಶದಲ್ಲಿರುವಾಗಲೇ ‘ಇವರಿಗೆ ಸಿಗುವುದಿಲ್ಲ’ ಎಂದು ಅವರು ಲೆಕ್ಕ ಹಾಕಿ, ಹೊಸ ಬೋರ್ಡಿಂಗ್ ಪಾಸ್ ಸಿದ್ಧ ಮಾಡಿರುತ್ತಾರೆ. ಇಳಿದ ತಕ್ಷಣ ಆ್ಯಪ್ ನೋಡಿ ಅನ್ನುವುದು ಅದಕ್ಕೇ. ಹಳೆಯ ಗೇಟಿಗೆ ಉಸಿರು ಬಿಗಿಹಿಡಿದು ಓಡಿ, ಅಲ್ಲಿ ‘ನಿಮ್ಮನ್ನು ಆಗಲೇ ಬೇರೆ ವಿಮಾನಕ್ಕೆ ಹಾಕಿದ್ದೇವೆ’ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಇಲ್ಲಿ ನಿಮಿಷಗಳಿಗಿಂತ ಮುಖ್ಯವಾದದ್ದು ಮುಂದಿನ ವಿಮಾನ ಯಾವಾಗ ಎಂಬುದು. ಫ್ರಾಂಕ್‌ಫರ್ಟ್‌ನಿಂದ ಶಿಕಾಗೋಗೆ ಲುಫ್ತಾನ್ಸಾ, ಯುನೈಟೆಡ್ ಎರಡೂ ಹಾರುತ್ತವೆ, ಇಬ್ಬರೂ ಪಾಲುದಾರರು. ಬೆಳಗಿನದು ತಪ್ಪಿದರೆ ಅದೇ ದಿನ ಇನ್ನೊಂದು ಸಿಗುವ ಅವಕಾಶವಿದೆ. ದಿನಕ್ಕೊಂದೇ ವಿಮಾನವಿರುವ ಊರಿಗಾದರೆ ಲೆಕ್ಕವೇ ಬೇರೆ. ಸಂಜೆಯ ಕನೆಕ್ಷನ್ ಇನ್ನೂ ಕಷ್ಟ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಹಾರಾಟಕ್ಕೆ ನಿಷೇಧವಿದೆ, 2011ರಿಂದ. ರಾತ್ರಿ ತಪ್ಪಿದರೆ ಬೆಳಗಿನವರೆಗೆ ಅಲ್ಲೇ ಗತಿ. ಕಂಪನಿ ಹೋಟೆಲ್ ಕೊಟ್ಟರೂ ನಿಲ್ದಾಣದ ಹೊರಗಿನ ಹೋಟೆಲ್‌ಗೆ ಹೋಗಲು ಜರ್ಮನಿಯೊಳಗೆ ಕಾಲಿಡಬೇಕಲ್ವಾ? ಶೆಂಗೆನ್ ವೀಸಾ (ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪಿನ ವೀಸಾ) ಬೇಕಿರುವ ಪಾಸ್‌ಪೋರ್ಟ್‌ನವರಿಗೆ ಅದು ಸುಲಭವಲ್ಲ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಒಳಗೇ ವಿಮಾನ ಬದಲಿಸಲು ಅಡ್ಡಿಯಿಲ್ಲ, ಆದರೆ ಊರೊಳಗೆ ಹೋಗಲು ಅದು ಸಾಲದು. ಕುರ್ಚಿಯ ಮೇಲೆ ರಾತ್ರಿ ಕಳೆದವರು ಎಷ್ಟೋ ಜನ.

‘ತಪ್ಪಿದರೆ 600 ಯುರೋ ಪರಿಹಾರ ಸಿಗುತ್ತೆ ಬಿಡಿ’ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಅರ್ಧ ನಿಜ. ಯುರೋಪಿಯನ್ ಒಕ್ಕೂಟದ 261/2004 ನಿಯಮದಲ್ಲಿ 3,500 ಕಿಲೋಮೀಟರಿಗಿಂತ ಜಾಸ್ತಿ ದೂರದ ಪ್ರಯಾಣಕ್ಕೆ, ಕಂಪನಿಯ ತಪ್ಪಿನಿಂದ ಕೊನೆಯ ಊರಿಗೆ ತುಂಬಾ ತಡವಾಗಿ ತಲುಪಿದರೆ 600 ಯುರೋವರೆಗೆ ಪರಿಹಾರವಿದೆ. ಹವಾಮಾನ ಕೆಟ್ಟು ತಡವಾದರೆ ಇಲ್ಲ. ಆದರೆ ನಿಮ್ಮವರ ಪ್ರಯಾಣ ಯುರೋಪಿನ ಹೊರಗೆ ಶುರುವಾಗಿ ಯುರೋಪಿನ ಹೊರಗೇ ಮುಗಿಯುತ್ತದೆ, ಫ್ರಾಂಕ್‌ಫರ್ಟ್ ನಡುವಿನ ನಿಲ್ದಾಣ ಮಾತ್ರ. ಒಂದೇ ಬುಕಿಂಗ್‌ನ ಇಂಥ ಪ್ರಯಾಣಕ್ಕೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಯುರೋಪಿನ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಪ್ರಯಾಣಿಕರು ಮಾಲ್ಡೊವಾದ ಕಿಷಿನಾವ್‌ನಿಂದ ವಿಯೆನ್ನಾ ಮೂಲಕ ಬ್ಯಾಂಕಾಕ್‌ಗೆ ಹೊರಟಿದ್ದರು. ಹಾಗಾಗಿ ಆ ದುಡ್ಡಿನ ಆಸೆ ಬಿಡಿ. ನಿಮ್ಮವರ ನೆರವಿಗೆ ಇರುವುದು ಟಿಕೆಟ್‌ನ ಷರತ್ತುಗಳು ಮತ್ತು 1999ರ ಮಾಂಟ್ರಿಯಲ್ ಒಪ್ಪಂದ. ತಡದಿಂದ ನಿಜವಾಗಿ ಆದ ಖರ್ಚನ್ನು ಅದರಡಿ ಕೇಳಬಹುದು. ಊಟ, ಹೋಟೆಲ್, ಟ್ಯಾಕ್ಸಿಯ ರಸೀದಿಗಳನ್ನು ಎಸೆಯಬೇಡಿ.

ಈಗ ಶಿಕಾಗೋ. ಅಮೆರಿಕದ ಪದ್ಧತಿ ಯುರೋಪಿನ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ‘ಒಳಗಿಂದ ಒಳಗೇ’ ವಿಮಾನ ಬದಲಿಸಲು ಆಗುವುದಿಲ್ಲ. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು, ಬೆಲ್ಟ್‌ನಿಂದ ಲಗೇಜ್ ಎತ್ತಿಕೊಳ್ಳಬೇಕು, ಕಸ್ಟಮ್ಸ್ ದಾಟಬೇಕು, ಲಗೇಜ್ ಮತ್ತೆ ಕೊಡಬೇಕು, ಮತ್ತೆ ಸೆಕ್ಯುರಿಟಿಗೆ ನಿಲ್ಲಬೇಕು. ಅಮೆರಿಕ ದಾಟಿ ಬೇರೆ ದೇಶಕ್ಕೆ ಹೋಗುವವರಿಗೂ ಇದೇ, ಅವರಿಗೂ ವೀಸಾ ಬೇಕು. ಡಬ್ಲಿನ್, ಶಾನನ್, ಅಬುಧಾಬಿ, ಕೆನಡಾದ ದೊಡ್ಡ ನಿಲ್ದಾಣಗಳು, ಹೀಗೆ ಕೆಲವು ಕಡೆ ಮಾತ್ರ ಹೊರಡುವ ಮೊದಲೇ ಅಮೆರಿಕದ ಇಮಿಗ್ರೇಷನ್ ಮುಗಿಸಿ ಕಳಿಸುತ್ತಾರೆ. ಅಲ್ಲಿಂದ ಬಂದವರು ದೇಶದೊಳಗಿನ ಪ್ರಯಾಣಿಕರಂತೆ ಆರಾಮಾಗಿ ಇಳಿದು ಹೋಗುತ್ತಾರೆ.

ಶಿಕಾಗೋದ ಓಹೇರ್ ನಿಲ್ದಾಣದಲ್ಲಿ ವಿದೇಶದಿಂದ ಬಂದ ವಿಮಾನಗಳು ಟರ್ಮಿನಲ್ 5ಕ್ಕೆ ಬರುತ್ತವೆ. ದೇಶದೊಳಗಿನ ವಿಮಾನಗಳಲ್ಲಿ ಹೆಚ್ಚಿನವು 1, 2, 3ರಿಂದ ಹೊರಡುತ್ತವೆ. ನಡುವೆ ರೈಲು ಹತ್ತಬೇಕು. ಮಧ್ಯಾಹ್ನ ಯುರೋಪಿನ ವಿಮಾನಗಳು ಒಂದರ ಹಿಂದೊಂದು ಇಳಿಯುವಾಗ ಇಮಿಗ್ರೇಷನ್ ಮುಂದೆ ಹನುಮಂತನ ಬಾಲ. ಮಕ್ಕಳನ್ನು ನೋಡಲು ಬಂದ ಹಿರಿಯರನ್ನು ಒಳಕೋಣೆಗೆ ಕರೆದು ಇನ್ನೂ ಎರಡು ಪ್ರಶ್ನೆ ಕೇಳುವುದೂ ಉಂಟು. ಅದು ದೊಡ್ಡ ವಿಷಯವಲ್ಲ, ಆದರೆ ಗಡಿಯಾರ ನಿಲ್ಲುವುದಿಲ್ಲವಲ್ಲ. ಯಾವ ನಿಲ್ದಾಣದಲ್ಲಿ ಯಾವ ಹೊತ್ತಿಗೆ ಎಷ್ಟು ಕಾಯಿಸಿದರು ಎಂದು ಅಮೆರಿಕದ ಕಸ್ಟಮ್ಸ್ ಇಲಾಖೆಯೇ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ನಿಮ್ಮ ವಿಮಾನ ಇಳಿಯುವ ಹೊತ್ತಿನ ಅಂಕಿ ಒಮ್ಮೆ ನೋಡಿಬಿಡಿ.

ಇಷ್ಟರ ಮೇಲೆ ನಿಮ್ಮದು ಪ್ರತ್ಯೇಕ ಟಿಕೆಟ್. ಅದರ ಅರ್ಥ ಬಿಡಿಸಿ ಹೇಳುತ್ತೇನೆ. ಒಂದೇ ಟಿಕೆಟ್ ಆಗಿದ್ದರೆ ಕಸ್ಟಮ್ಸ್ ದಾಟಿದ ಕೂಡಲೇ ಅಲ್ಲೇ ಇರುವ ಬೆಲ್ಟಿಗೆ ಸೂಟ್‌ಕೇಸ್ ಹಾಕಿ ಮುಂದೆ ಹೋಗಬಹುದಿತ್ತು. ಈಗ ಎರಡು ದೊಡ್ಡ ಸೂಟ್‌ಕೇಸ್ ಹಿಡಿದು ರೈಲು ಹತ್ತಿ, ಬೇರೆ ಟರ್ಮಿನಲ್‌ನ ಆ ಕಂಪನಿಯ ಕೌಂಟರ್ ಹುಡುಕಿ, ಹೊಸದಾಗಿ ಚೆಕ್-ಇನ್ ಮಾಡಬೇಕು. ವೀಲ್‌ಚೇರ್‌ನಲ್ಲಿ ಅಪ್ಪ, ಲಗೇಜ್ ತಳ್ಳುವವರು ಅಮ್ಮ. ದೇಶದೊಳಗಿನ ವಿಮಾನಕ್ಕೆ ಲಗೇಜ್ ತೆಗೆದುಕೊಳ್ಳುವುದನ್ನು ಸಾಮಾನ್ಯವಾಗಿ 45 ನಿಮಿಷ ಮೊದಲು ನಿಲ್ಲಿಸುತ್ತಾರೆ. ಅಂದರೆ ನಿಮ್ಮ 2 ಗಂಟೆ ನಿಜವಾಗಿ ಒಂದೂಕಾಲು ಗಂಟೆ. ತಪ್ಪಿದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ‘ನೋ-ಶೋ’. ಮೊದಲ ವಿಮಾನ ತಡವಾಯಿತು ಎಂಬ ಕಾರಣ ಅವರಿಗೆ ಬೇಕಿಲ್ಲ, ಅದು ಅವರ ವಿಮಾನವೇ ಅಲ್ಲವಲ್ಲ. ಮೊದಲ ಕಂಪನಿಯೂ ‘ಶಿಕಾಗೋಗೆ ತಲುಪಿಸಿದೆವು, ನಮ್ಮ ಕೆಲಸ ಮುಗಿಯಿತು’ ಎಂದು ಕೈ ತೊಳೆದುಕೊಳ್ಳುತ್ತದೆ. ಆ ಟಿಕೆಟ್ ಹೋಗಿ ಬರುವುದಾಗಿದ್ದರೆ ಇನ್ನೂ ಕೆಟ್ಟದ್ದು. ಹೋಗುವಾಗ ನೋ-ಶೋ ಆದರೆ ವಾಪಸ್ ಬರುವ ಭಾಗವೂ ತಾನಾಗಿಯೇ ರದ್ದಾಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಾಗುವುದು ವಾಪಸ್ ಹೊರಟ ದಿನ, ಕೌಂಟರ್ ಮುಂದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡರಲ್ಲೊಂದು ಮಾಡುತ್ತಿದ್ದೆ. ಇಂಡಿಯಾನಾಪೊಲಿಸ್‌ವರೆಗೂ ಒಂದೇ ಟಿಕೆಟ್ ತೆಗೆದು, ಶಿಕಾಗೋದಲ್ಲಿ ಕನಿಷ್ಠ ಮೂರು ಗಂಟೆ ಇಡುತ್ತಿದ್ದೆ. ಇಲ್ಲವಾದರೆ ಶಿಕಾಗೋವರೆಗೆ ಮಾತ್ರ ಟಿಕೆಟ್ ತೆಗೆದು, ಕಾರಿನಲ್ಲಿ ಹೋಗಿ ಕರೆದುಕೊಂಡು ಬರುತ್ತಿದ್ದೆ. ಮೂರು ಗಂಟೆಯ ದಾರಿ ಅಷ್ಟೇ, ಸುಮಾರು 300 ಕಿಲೋಮೀಟರ್. ವಿಮಾನ ಎರಡು ಗಂಟೆ ತಡವಾದರೂ ಯಾರೂ ಎದೆ ಹಿಡಿದುಕೊಳ್ಳಬೇಕಿಲ್ಲ. ಎರಡನೆಯದೇ ನನಗೆ ಇಷ್ಟ. ಒಂದು ಎಚ್ಚರ ಮಾತ್ರ: ಇಂಡಿಯಾನಾಪೊಲಿಸ್‌ವರೆಗೆ ಟಿಕೆಟ್ ಇಟ್ಟುಕೊಂಡು ಶಿಕಾಗೋದಲ್ಲೇ ಇಳಿದುಬಿಡುವ ಜಾಣತನ ಬೇಡ. ಕೊನೆಯ ತುಂಡು ಬಿಟ್ಟರೆ ವಾಪಸ್ ಟಿಕೆಟ್ ಹೋಗುತ್ತದೆ.

ಬೇರೆ ದಾರಿಯಲ್ಲಿ ಹೋಗುವವರೂ ಇದನ್ನು ಓದುತ್ತಿರುತ್ತೀರಿ, ಹಾಗಾಗಿ ಕೆಲವು ನಿಲ್ದಾಣಗಳ ಬಗ್ಗೆ ನಾಲ್ಕು ಮಾತು. ಲಂಡನ್‌ನ ಹೀಥ್ರೂದಲ್ಲಿ ಎರಡೇ ರನ್‌ವೇ, ಎರಡೂ ಸದಾ ಭರ್ತಿ. ಸ್ವಲ್ಪ ಮಂಜು ಬಿದ್ದರೂ ವಿಮಾನಗಳು ಆಕಾಶದಲ್ಲೇ ಸುತ್ತು ಹಾಕುತ್ತವೆ. ಟರ್ಮಿನಲ್ ಬದಲಿಸಬೇಕಿದ್ದರೆ ಬಸ್ಸು ಹತ್ತಬೇಕು, ಮತ್ತೆ ಸೆಕ್ಯುರಿಟಿಗೆ ನಿಲ್ಲಬೇಕು. ಅಲ್ಲಿ ನೇರಳೆ ಬಣ್ಣದ ‘ಫ್ಲೈಟ್ ಕನೆಕ್ಷನ್ಸ್’ ಬೋರ್ಡ್ ಹಿಡಿದು ಹೋಗಿ. ಹೊರಗೆ ಹೋಗುವ ಜನರ ಹಿಂದೆ ಹೋದರೆ ಇಮಿಗ್ರೇಷನ್ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ. ಆಮ್ಸ್ಟರ್‌ಡ್ಯಾಮ್‌ನಲ್ಲಿ ಪೋಲ್ಡರ್‌ಬಾನ್ ಎಂಬ ರನ್‌ವೇ ಎಷ್ಟು ದೂರ ಅಂದರೆ ನೆಲ ಮುಟ್ಟಿದಮೇಲೂ ಗೇಟಿಗೆ ಬರಲು ಹತ್ತು ಹದಿನೈದು ನಿಮಿಷ ವಿಮಾನ ಉರುಳುತ್ತಲೇ ಇರುತ್ತದೆ. ದುಬೈನಲ್ಲಿ ಟರ್ಮಿನಲ್ 3ರೊಳಗೇ ಬದಲಿಸುವುದು ಸಲೀಸು. ಫ್ಲೈದುಬೈನ ಟರ್ಮಿನಲ್ 2 ಮಾತ್ರ ರನ್‌ವೇ ಆಚೆ ಇದೆ, ಬಸ್ಸಿನಲ್ಲಿ ಸುತ್ತಿ ಹೋಗಬೇಕು. ಇಸ್ತಾಂಬುಲ್‌ನ ಹೊಸ ನಿಲ್ದಾಣ ಒಂದೇ ಛಾವಣಿಯಡಿ ಇದೆ, ನಡಿಗೆ ಮಾತ್ರ ಸಾಕುಸಾಕು ಅನ್ನಿಸುತ್ತದೆ. ಸಿಂಗಪುರದ ಚಾಂಗಿಯಲ್ಲಿ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಸೆಕ್ಯುರಿಟಿ ಗೇಟಿನ ಬಾಯಲ್ಲೇ ಇರುತ್ತದೆ. ಕೊನೆ ನಿಮಿಷದವರೆಗೆ ಅಂಗಡಿ ಸುತ್ತಿದವರಿಗೆ ಅಲ್ಲಿ ಬಿಸಿ ಮುಟ್ಟುತ್ತದೆ.

ಯುರೋಪಿನೊಳಗೇ ಹೋಗುವವರಿಗೆ ಇನ್ನೊಂದು ಹೊಸ ಸಂಗತಿ. ಶೆಂಗೆನ್ ದೇಶಗಳಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್. ಪ್ಯಾರಿಸ್ ಮೂಲಕ ರೋಮ್‌ಗೆ ಹೋದರೆ ಠಸ್ಸೆ ಬೀಳುವುದು ಪ್ಯಾರಿಸ್‌ನಲ್ಲಿ. 2025ರ ಅಕ್ಟೋಬರ್ 12ರಿಂದ ಠಸ್ಸೆಯ ಜಾಗಕ್ಕೆ ಇಇಎಸ್ ಎಂಬ ವ್ಯವಸ್ಥೆಯನ್ನು ಹಂತಹಂತವಾಗಿ ತಂದಿದ್ದಾರೆ. ಮೊದಲ ಸಲ ಹೋದವರ ಬೆರಳಚ್ಚು, ಮುಖದ ಫೋಟೋ ತೆಗೆಯುತ್ತಾರೆ. ಒಬ್ಬೊಬ್ಬರಿಗೆ ಒಂದೆರಡು ನಿಮಿಷ ಜಾಸ್ತಿಯಾದರೂ ಮುನ್ನೂರು ಜನರ ಸಾಲಿಗೆ ಅದೆಷ್ಟು ಆಗುತ್ತೆ ನೋಡಿ. ಇಂಥ ಕನೆಕ್ಷನ್‌ಗೆ ಒಂದು ಗಂಟೆ ಎಂದು ಕಂಡರೆ ನಾನಂತೂ ಮುಟ್ಟುವುದಿಲ್ಲ. ಹಾಗೆಯೇ ಅಗ್ಗದ ಟಿಕೆಟ್‌ಗಳಲ್ಲಿ ಇಳಿಯುವ ನಿಲ್ದಾಣ, ಹತ್ತುವ ನಿಲ್ದಾಣ ಎರಡೂ ಒಂದೇನಾ ಎಂದು ನೋಡಿ. ಹೀಥ್ರೂಗೆ ಇಳಿಸಿ ಗ್ಯಾಟ್ವಿಕ್‌ನಿಂದ ಹತ್ತಿಸುವ, ಟೋಕಿಯೋದಲ್ಲಿ ನರಿತಾಗೆ ಇಳಿಸಿ ಹನೇಡಾದಿಂದ ಹತ್ತಿಸುವ ಟಿಕೆಟ್‌ಗಳು ಇವೆ. ಅಲ್ಲಿ ಆ ದೇಶದ ವೀಸಾನೂ ಬೇಕು, ಊರು ದಾಟಲು ಗಂಟೆಗಟ್ಟಲೆ ಸಮಯವೂ ಬೇಕು.

ಲಗೇಜ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನೀವು ಓಡಬಹುದು, ಸೂಟ್‌ಕೇಸ್ ಓಡುವುದಿಲ್ಲ. ತಡವಾಗಿ ಬರುವ ಲಗೇಜ್‌ಗೆ ಎಲ್ಲಕ್ಕಿಂತ ದೊಡ್ಡ ಕಾರಣ ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವಾಗ ಆಗುವ ತೊಡಕು. ಉಲ್ಟಾ ಆಗುವುದೂ ಉಂಟು: ಸೂಟ್‌ಕೇಸ್ ಹತ್ತಿದೆ, ನೀವು ಬಂದಿಲ್ಲ. ಆಗ ಅದನ್ನು ಹುಡುಕಿ ಕೆಳಗಿಳಿಸುತ್ತಾರೆ. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನವನ್ನು ಸ್ಫೋಟಿಸಿದ್ದು ಹತ್ತದೇ ಉಳಿದ ಪ್ರಯಾಣಿಕನ ಸೂಟ್‌ಕೇಸ್. ಈ ವಿಷಯದಲ್ಲಿ ನಿಯಮ ಬಿಗಿಯಾದದ್ದು ಅದರ ನಂತರವೇ. ಎರಡು ದಿನದ ಮಾತ್ರೆ, ಒಂದು ಜೊತೆ ಬಟ್ಟೆ, ಸ್ವೆಟರ್ ಅಪ್ಪ ಅಮ್ಮನ ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ಲಗೇಜ್ ಕೌಂಟರಿನಲ್ಲಿ ದೂರು ಬರೆಸಿ, ಆ ದೂರಿನ ನಂಬರ್ (ಪಿಐಆರ್ ನಂಬರ್) ತೆಗೆದುಕೊಳ್ಳಿ. ತಡವಾಗಿ ಬಂದ ಲಗೇಜ್‌ಗೆ ಪರಿಹಾರ ಕೇಳಲು ಅದು ಕೈಗೆ ಸಿಕ್ಕಿದ ದಿನದಿಂದ 21 ದಿನ ಅವಕಾಶ. ಒಡೆದು ಹೋಗಿದ್ದರೆ 7 ದಿನ ಮಾತ್ರ.

ಸೀಟು ಮುಂದಿನ ಸಾಲುಗಳಲ್ಲಿ, ನಡುದಾರಿಯ ಪಕ್ಕ ತೆಗೆದುಕೊಳ್ಳಿ, ಅದಕ್ಕೆ ಸ್ವಲ್ಪ ದುಡ್ಡು ಹೋದರೂ ಪರವಾಗಿಲ್ಲ. ಎಲ್ಲಾ ಬೋರ್ಡಿಂಗ್ ಪಾಸ್‌ಗಳನ್ನೂ ಹೊರಡುವ ಊರಿನಲ್ಲೇ ಕೇಳಿ ಪಡೆಯಲಿ. ಲಗೇಜ್ ಟ್ಯಾಗ್ ಮೇಲೆ ಕೊನೆಯ ನಿಲ್ದಾಣದ ಮೂರಕ್ಷರ ಇದೆಯಾ ಎಂದು ಕಣ್ಣಾರೆ ನೋಡಿಕೊಳ್ಳಲಿ. ಶಿಕಾಗೋ ಆದರೆ ಒಆರ್‌ಡಿ, ಇಂಡಿಯಾನಾಪೊಲಿಸ್ ಆದರೆ ಐಎನ್‌ಡಿ. ಐಎನ್‌ಡಿ ಎಂದಿದ್ದರೂ ಶಿಕಾಗೋದಲ್ಲಿ ಲಗೇಜ್ ಎತ್ತಿಕೊಳ್ಳಲೇಬೇಕು, ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ. ‘ನೇರ ಹೋಗುತ್ತೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಬೆಲ್ಟಿನ ಮೇಲೇ ಬಿಟ್ಟು ಹೋದವರಿದ್ದಾರೆ. ಡ್ಯೂಟಿ ಫ್ರೀ ಬಾಟಲಿ ಏನಾದರೂ ಕೊಂಡಿದ್ದರೆ, ಮುಂದೆ ಇನ್ನೊಂದು ವಿಮಾನ ಇದ್ದಲ್ಲಿ, ಶಿಕಾಗೋದಲ್ಲಿ ಲಗೇಜ್ ಎತ್ತಿಕೊಂಡಾಗಲೇ ಸೂಟ್‌ಕೇಸ್‌ಗೆ ಸೇರಿಸಿಬಿಡುವುದು ಕ್ಷೇಮ.

ಟಿಕೆಟ್ ತೆಗೆದಮೇಲೂ ಮೇಲ್ ನೋಡುತ್ತಿರಿ. ಕಂಪನಿಗಳು ವೇಳಾಪಟ್ಟಿ ಬದಲಿಸುತ್ತಲೇ ಇರುತ್ತವೆ, ಯುರೋಪಿನಲ್ಲಿ ಗಡಿಯಾರ ಬದಲಾಗುವ ಮಾರ್ಚ್, ಅಕ್ಟೋಬರ್ ಕೊನೆಯಲ್ಲಿ ಅದು ಜಾಸ್ತಿ. ಮೂರು ಗಂಟೆ ಎಂದು ಕೊಂಡದ್ದು ಒಂದು ಗಂಟೆಗೆ ಇಳಿದಿರಬಹುದು. ಬದಲಾವಣೆ ಅವರೇ ಮಾಡಿದ್ದರೆ ಬೇರೆ ವಿಮಾನಕ್ಕೆ ದುಡ್ಡಿಲ್ಲದೆ ಬದಲಿಸಿಕೊಡಿ ಎಂದು ಕೇಳಬಹುದು, ಸಾಮಾನ್ಯವಾಗಿ ಕೊಡುತ್ತಾರೆ. ‘ಒಪ್ಪಿಗೆ’ ಗುಂಡಿ ಮಾತ್ರ ಅವಸರದಲ್ಲಿ ಒತ್ತಬೇಡಿ. ಮೇಲ್ ಬಂದ ದಿನವೇ ಫೋನ್ ಮಾಡಿ, ಒಳ್ಳೆಯ ವಿಮಾನದಲ್ಲಿ ಇನ್ನೂ ಎರಡು ಸೀಟು ಉಳಿದಿರುವಾಗಲೇ.